ಉಡಿ ತಾಟಿನ ಹತ್ತಿರ ನಿಲ್ಲುತ್ತಿದ್ದ ಡಿಸ್ಕ್

ಮದುವೆಗೆ ಹೋಗಿ ಶೂಟಿಂಗ್ ಮಾಡುವುದು ನನ್ನ ಗಂಡನ ಕೆಲಸ, ಅವರು ತಂದದ್ದನ್ನು ಕತ್ತರಿಸಿ ಜೋಡಿಸಿ ಡಿಸ್ಕ್ ಮಾಡಿ ಕೊಡುವುದು ನನ್ನ ಕೆಲಸ. ಗೋವಾದ ಫಾತೋರ್ಡಾದಲ್ಲಿದ್ದ ನಮ್ಮ ಅಂಗಡಿಯಲ್ಲಿ ಹೀಗೆ ಪಾಲು ಮಾಡಿಕೊಂಡಿದ್ದೆವು. ಈ ಪಾಲಿನಲ್ಲಿ ನನಗೆ ಮೋಸವಾಗಿದೆ ಎಂದು ನಾನು ಯಾವಾಗಲೂ ಜಗಳ ತೆಗೆಯುತ್ತಿದ್ದೆ. ಅವರಿಗೆ ಹೋದಲ್ಲೆಲ್ಲ ಊಟ, ಉಪಚಾರ, ಹೆಗಲಿಗೊಂದು ಟವೆಲ್. ನನಗೆ ಅಂಗಡಿಯ ಹಿಂದಿನ ಕೋಣೆ, ಫ್ಯಾನಿನ ಬಿಸಿಗಾಳಿ, ಮತ್ತು ಮುಂದೆ ಹೋಗಲು ಒಲ್ಲೆನೆನ್ನುವ ಒಂದು ಹಸಿರು ಪಟ್ಟಿ. ಡಿಸ್ಕ್ ಬರ್ನ್ ಆಗುವಾಗ ಕಂಪ್ಯೂಟರಿನ ಪರದೆಯ ಮೇಲೆ ಆ ಪಟ್ಟಿ ನಿಧಾನಕ್ಕೆ ಬೆಳೆಯುತ್ತದೆ. ಇನ್ನೇನು ಮುಗಿಯಿತು ಎನ್ನುವಾಗ ನಿಂತುಬಿಟ್ಟು, ಏನೋ ತಪ್ಪಾಗಿದೆ ಎಂದು ಒಂದು ಸಾಲು ತೋರಿಸಿ, ಡಿಸ್ಕನ್ನು ಹೊರಗೆ ಉಗುಳುತ್ತದೆ. ನಾನು ಮೊದಲೇ ಸಿಟ್ಟಿನವಳು. ಆ ಕೋಣೆಯಲ್ಲಿ ಕೂತು ನಾನು ಆಡಿದ ಮಾತುಗಳನ್ನು ಧಾರವಾಡದ ನನ್ನ ತವರಿನವರು ಕೇಳಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು.

ಕ್ಯಾಸೆಟ್ ಹೋಗಿ ಡಿವಿಡಿ ಬಂದ ಹೊಸತು ಅದು. ನಮ್ಮ ಗಿರಾಕಿಗಳು ಬಹುಪಾಲು ನಮ್ಮ ಕಡೆಯವರೇ. ವಿಜಾಪುರ, ಗದಗಿನ ಕಡೆಯಿಂದ ಬಂದು ಪರ್ವರಿಯಲ್ಲಿ ಕಟ್ಟಡದ ಕೆಲಸ ಮಾಡುವವರು, ಬಂದರಿನಲ್ಲಿ ಚೀಲ ಹೊರುವವರು, ಮಡಗಾಂವ್ ಮಾರುಕಟ್ಟೆಯಲ್ಲಿ ಅಂಗಡಿ ಇಟ್ಟ ಬೆಳಗಾವಿಯವರು. ರಜೆ ಸಿಗದವರು ಇಲ್ಲೇ ಹಾಲ್ ಹಿಡಿದು ಮದುವೆ ಮಾಡುತ್ತಿದ್ದರು. ಮದುವೆಗೆ ಬರಲಾಗದ ಊರಿನ ಬಂಧುಗಳಿಗೆ ಡಿಸ್ಕೇ ಮದುವೆ. ಹಾಗಾಗಿ ಡಿಸ್ಕ್ ಕೆಟ್ಟರೆ ಮದುವೆಯೇ ಕೆಟ್ಟಂತೆ ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಕೆಡುವುದಕ್ಕೆ ಕಾರಣಗಳೂ ಕಡಿಮೆ ಇರಲಿಲ್ಲ. ಅಗ್ಗದ ಖಾಲಿ ಡಿಸ್ಕ್, ಗೋವಾದ ಮಳೆಗಾಲದ ತೇವ, ನಡುವೆ ಹೋಗುವ ಕರೆಂಟು. ಒಬ್ಬ ಗಿರಾಕಿ ತಂದ ಡಿಸ್ಕಿನ ಹೊಳೆಯುವ ಬದಿಗೆ ಅರಿಶಿನ ಕುಂಕುಮ ಹಚ್ಚಿತ್ತು. ದೇವರ ಮುಂದೆ ಇಟ್ಟು ಪೂಜೆ ಮಾಡಿ ಆಮೇಲೆ ಪ್ಲೇಯರಿಗೆ ಹಾಕಿದ್ದರಂತೆ. ಹಿಂದಿನ ಬದಿಗಾದರೂ ಹಚ್ಚಬಾರದಿತ್ತೇ ಎಂದು ನಾನು ರೇಗಿದರೆ, "ಆ ಕಡೀಗೂ ಹಚ್ಚೇವ್ರಿ" ಎಂದು ತಿರುಗಿಸಿ ತೋರಿಸಿದರು. ಹಾಳಾದ ಡಿಸ್ಕುಗಳನ್ನು ನಾನು ದಾರ ಕಟ್ಟಿ ಮಾಳಿಗೆಯ ಮೇಲೆ ತೂಗು ಹಾಕುತ್ತಿದ್ದೆ. ಒಣಹಾಕಿದ ಸಂಡಿಗೆಗೆ ಕಾಗೆ ಬರುತ್ತಿರಲಿಲ್ಲ.

ಈಗ ಹೇಳಹೊರಟಿರುವ ಹೆಂಗಸು ಸ್ಟೇಡಿಯಂ ಹಿಂದಿನ ಓಣಿಯಲ್ಲಿ ಒಂದು ಖೋಲಿ ಹಿಡಿದು ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದಳು. ನಮ್ಮ ಮನೆಗೂ ಅವಳದೇ ರೊಟ್ಟಿ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳಿರಬೇಕು, ನಾನು ಯಕ್ಕಾ ಎನ್ನುತ್ತಿದ್ದೆ, ಅವಳು ನನಗೆ ಬಾಯಾರ ಎನ್ನುತ್ತಿದ್ದಳು. ಗಂಡ ಸೆಂಟ್ರಿಂಗ್ ಕೆಲಸದವನು, ಪರ್ವರಿಯಲ್ಲಿ ಒಂದು ಕಟ್ಟಡದ ಸ್ಲ್ಯಾಬಿನ ಮೇಲಿಂದ ಬಿದ್ದು ಸತ್ತಿದ್ದ. ಆಗ ಮಗಳು ಇನ್ನೂ ಶಾಲೆಗೆ ಹೋಗುವ ಹುಡುಗಿ. ಆ ಮಗಳನ್ನು ರೊಟ್ಟಿ ಬಡಿದೇ ಬೆಳೆಸಿ, ಕೊರ್ತಾಲಿಮ್‌ನಲ್ಲಿರುವ ನಮ್ಮ ಕಡೆಯದೇ ಒಂದು ಮನೆತನಕ್ಕೆ ಕೊಟ್ಟು, ಬೇಸಿಗೆಯಲ್ಲಿ ಫಾತೋರ್ಡಾದ ಒಂದು ಸಣ್ಣ ಹಾಲ್‌ನಲ್ಲಿ ಮದುವೆ ಮಾಡಿದಳು. ಶೂಟಿಂಗಿಗೆ ನನ್ನ ಗಂಡನೇ ಹೋಗಿದ್ದರು.

ಟೇಪು ನೋಡುತ್ತ ಕೂತಾಗ ನನಗೆ ಗೊತ್ತಾಯಿತು, ಇಡೀ ಮದುವೆಯಲ್ಲಿ ಹೆತ್ತವಳೇ ಇಲ್ಲ. ಅರಿಶಿನ ಹಚ್ಚುವಲ್ಲಿ ಇಲ್ಲ, ಅಕ್ಷತೆಯಲ್ಲಿ ಇಲ್ಲ. ಎಲ್ಲ ಕಡೆಯೂ ಊರಿನಿಂದ ಬಂದ ಅವಳ ನಾದಿನಿ, ಅಂದರೆ ಸತ್ತವನ ಅಕ್ಕ, ದೊಡ್ಡ ಕುಂಕುಮ ಇಟ್ಟುಕೊಂಡು ಓಡಾಡುತ್ತಿದ್ದಳು. ಕೇಳಿದರೆ ನನ್ನ ಗಂಡ, "ಆಕಿ ಅಡಗಿಮನ್ಯಾಗ ಇದ್ಲು. ಯಾರೂ ಏನೂ ಅಂದಿಲ್ಲ, ತಾನಾ ಹೋಗಿ ಕುಂತಾಳ" ಎಂದರು. ಯಾರಾದರೂ ಬೈದು ಕೂಡಿಸಿದ್ದರೆ ನನ್ನ ಸಿಟ್ಟಿಗೆ ಒಂದು ದಿಕ್ಕಾದರೂ ಇರುತ್ತಿತ್ತು. ತಾನಾಗಿಯೇ ಹೋಗಿ ಕೂತಳು ಎಂದರೆ ಯಾರನ್ನು ಬೈಯಲಿ?

ನನ್ನ ಗಂಡನಿಗೆ ಒಂದು ಕೆಟ್ಟ ಚಾಳಿ. ಕ್ಯಾಮೆರಾ ಬಂದ್ ಮಾಡಲು ಮರೆಯುವುದು. ಅವರ ಪ್ರತಿ ಟೇಪಿನಲ್ಲೂ ಒಂದಿಷ್ಟು ನೆಲ, ಒಂದಿಷ್ಟು ಜನರ ಕಾಲು, ಚಪ್ಪಲಿ ರಾಶಿ ಇರುತ್ತಿತ್ತು, ನಾನು ಶಾಪ ಹಾಕುತ್ತ ತೆಗೆದು ಒಗೆಯುತ್ತಿದ್ದೆ. ಅಂದೂ ಹಾಗೆಯೇ ಆಗಿತ್ತು. ನೀರು ಕುಡಿಯಲು ಅಡುಗೆಮನೆಗೆ ಹೋದವರು ಕ್ಯಾಮೆರಾವನ್ನು ಯಾವುದೋ ಚೀಲದ ಮೇಲೆ ಇಟ್ಟಿದ್ದರು. ಅಳಿಸಬೇಕೆಂದು ಕೈ ಇಟ್ಟವಳು ಸುಮ್ಮನೆ ನೋಡುತ್ತ ಕೂತೆ. ಮಬ್ಬು ಬೆಳಕು. ಒಂದು ಹಿತ್ತಾಳೆಯ ತಾಟು. ಬಳೆಯಿಲ್ಲದ, ಮುಂಗೈಗೆ ಹಚ್ಚೆ ಹಾಕಿಸಿಕೊಂಡ ಎರಡು ಕೈಗಳು. ಆ ಹಚ್ಚೆ ನನಗೆ ಗೊತ್ತು, ದಿನಾ ರೊಟ್ಟಿ ತಂದು ಕೊಡುವ ಕೈ ಅದು. ಮಗಳ ಉಡಿ ತುಂಬುವ ತಾಟನ್ನು ಅವಳು ಸಿದ್ಧ ಮಾಡುತ್ತಿದ್ದಳು. ಖಣ ಇಟ್ಟಳು, ತೆಂಗಿನಕಾಯಿ ಇಟ್ಟಳು, ಉತ್ತತ್ತಿ, ಅರಿಶಿನ ಕೊಂಬು, ಎಲೆ ಅಡಿಕೆ. ಆಮೇಲೆ ಬುಟ್ಟಿಯಿಂದ ಬೊಗಸೆ ತುಂಬ ಅಕ್ಕಿ ತೆಗೆದು ಎತ್ತರದಿಂದ ನಿಧಾನಕ್ಕೆ ಸುರಿದಳು. ಮತ್ತೊಂದು ಬೊಗಸೆ, ಮತ್ತೊಂದು. ಸಾಕಾಗಿತ್ತು, ಆದರೂ ಸುರಿದಳು. ಹೊರಗಿನಿಂದ ನಾದಿನಿಯ ದನಿ, "ಲಗೂನ ತಾಟ್ ತರ್ರೆವಾ, ಉಡಿ ತುಂಬೂದೈತಿ" ಎಂದು ಕೇಳಿಸಿತು. ಅವಳು ತಾಟನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡು ಬಾಗಿಲ ಹತ್ತಿರ ಸರಿಸಿಟ್ಟಳು. ಯಾರೋ ಎತ್ತಿಕೊಂಡು ಹೋದರು. ತುಂಬಿದವರು ಯಾರು ಎಂದು ಯಾರೂ ಕೇಳಲಿಲ್ಲ.

ಇಡೀ ಟೇಪಿನಲ್ಲಿ ನಾನು ಉಳಿಸಿಕೊಳ್ಳಬೇಕೆಂದು ಮೊದಲು ನಿರ್ಧರಿಸಿದ್ದು ಅದನ್ನೇ. ಬೆಳಕು ಸಾಲದೆಂದು ಸಾಫ್ಟ್‌ವೇರಿನಲ್ಲಿ ಬೆಳಕು ಹೆಚ್ಚಿಸಿದೆ, ಉಡಿ ತುಂಬುವ ದೃಶ್ಯಕ್ಕೆ ಮುಂಚೆ ಜೋಡಿಸಿದೆ. ಎಲ್ಲಕ್ಕಿಂತ ಮೇಲಿನ ಗುಣಮಟ್ಟ ಆರಿಸಿ ಡಿಸ್ಕ್ ಬರ್ನ್ ಮಾಡಿದೆ.

ಪಂಚಮಿಗೆ ಮಗಳು ತವರಿಗೆ ಬರುವವಳಿದ್ದಳು. ಅಷ್ಟರಲ್ಲಿ ಡಿಸ್ಕ್ ಬೇಕೆಂದು ತಾಯಿ ಮೊದಲೇ ಹೇಳಿದ್ದಳು. ನಮ್ಮಲ್ಲಿ ಡಿಸ್ಕ್ ಕೈಗೆ ಕೊಡುವ ಮುಂಚೆ ಅಂಗಡಿಯ ಟಿವಿಯಲ್ಲಿ ಹಾಕಿ ತೋರಿಸುವ ಪದ್ಧತಿ. ಒಂದು ಮಧ್ಯಾಹ್ನ ಅವಳು ಬಂದು ಬೆಂಚಿನ ತುದಿಗೆ ಕೂತಳು. ಮಗಳು ತೆರೆಯ ಮೇಲೆ ಬಂದಾಗೆಲ್ಲ ಸೆರಗಿನ ತುದಿ ಬಾಯಿಗೆ ಹೋಗುತ್ತಿತ್ತು. ಆ ದೃಶ್ಯ ಬಂತು. ಕೈ ಕಾಣಿಸಿತು, ಖಣ, ಕಾಯಿ, ಅಕ್ಕಿಯ ಮೊದಲ ಬೊಗಸೆ, ಅಷ್ಟೇ. ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಟ್ಟಿತು.

"ಏನಾತ್ರಿ ಬಾಯಾರ?"

"ಡಿಸ್ಕ್ ಚಲೋ ಇಲ್ಲ ಯಕ್ಕಾ, ತಡಿ, ಇನ್ನೊಂದು ಐತಿ" ಎಂದು ಎರಡನೆಯ ಪ್ರತಿ ಹಾಕಿದೆ. ಓಡಿಸಿಕೊಂಡು ಅಲ್ಲಿಗೆ ತಂದೆ. ಅದೇ ಬೊಗಸೆ, ಅದೇ ಜಾಗ. ನಿಂತಿತು. ಈ ಸಲ ಅವಳು ಎದ್ದು ಟಿವಿಯ ಹತ್ತಿರ ಹೋದಳು. ತನ್ನ ಮುಂಗೈಯನ್ನು ತೆರೆಯ ಮೇಲಿನ ಮುಂಗೈಯ ಪಕ್ಕ ಹಿಡಿದು ನೋಡಿದಳು.

"ಇದು ನನ್ನ ಕೈ ಅಲ್ರಿ? ಇದನ್ನ ಯಾರ್ ತಗದ್ರಿ?"

ನಾನು ಹೇಳಿದೆ. ಅವಳು ಬೆಂಚಿಗೆ ಬರದೆ ನೆಲದ ಮೇಲೆಯೇ ಕುಸಿದು ಕೂತಳು.

"ಉಡಿ ಅಕ್ಕಿ ನಾ ಮುಟ್ಟಬಾರದಿತ್ರಿ. ಒಬ್ಬಾಕಿನ ಮಗಳು, ಮನಸ್ಸ ತಡೀಲಿಲ್ಲ, ಮುಟ್ಟಿದೆ. ಯಾರಿಗೂ ಗೊತ್ತಾಗಿಲ್ಲ ಅಂತ ತಿಳಕೊಂಡಿದ್ದೆ. ಇದಕ್ಕ ಗೊತ್ತಾತು ನೋಡ್ರಿ. ಎಲ್ಲಾ ಕಡೆ ಚಲೋ ಓಡಿ ನನ್ನ ಕೈ ಬಂದಲ್ಲೇ ನಿಂತೈತಿ. ನನ್ನ ಮಗಳ ಬಾಳೂ ಹಿಂಗ ನಿಂತ್ರ ಏನ್ ಮಾಡ್ಲಿರಿ?"

"ಹುಚ್ಚಿ ಇದ್ದೀ ಏನ ಯಕ್ಕಾ? ಇದು ಮಷಿನ್. ಇದಕ್ಕೇನು ಗೊತ್ತಾಗ್ತೈತಿ?"

"ಅದಷ್ಟು ತಗದ ಬಿಡ್ರಿ ಬಾಯಾರ. ಕೈ ಮುಗೀತೀನಿ."

ತೆಗೆಯುವುದು ನನಗೆ ಎರಡು ಗುಂಡಿ ಒತ್ತುವಷ್ಟು ಕೆಲಸ. ಆದರೆ ಅದನ್ನು ತೆಗೆದು, ಸರಾಗವಾಗಿ ಓಡುವ ಡಿಸ್ಕನ್ನು ಅವಳಿಗೆ ಕೊಟ್ಟರೆ, ನೀನು ಹೇಳಿದ್ದೇ ಖರೆ, ನಿನ್ನ ಕೈಯೇ ಕೆಡಿಸಿತ್ತು ಎಂದು ನಾನೇ ಮೊಹರು ಒತ್ತಿ ಕೊಟ್ಟಂತೆ. ಅವಳು ಸಾಯುವವರೆಗೂ ಅದನ್ನು ನಂಬಿಕೊಂಡೇ ಬದುಕುತ್ತಿದ್ದಳು. ಪಂಚಮಿವರೆಗೆ ನನಗೆ ಬಿಡು, ತೆಗೆಯುವುದಿಲ್ಲ, ಸರಿ ಮಾಡುತ್ತೇನೆ ಎಂದೆ. ಎಂದುಬಿಟ್ಟೆನೇ ಹೊರತು ಹೇಗೆ ಎಂಬುದು ನನಗೂ ಗೊತ್ತಿರಲಿಲ್ಲ.

ನನ್ನ ಗಂಡನನ್ನು ಕೇಳಿದರೆ "ಅಷ್ಟು ಕಟ್ ಮಾಡಿ ಒಗಿ, ಯಾಕ್ ತಲಿ ಕೆಡಿಸ್ಕೊಳ್ತಿ" ಎಂದರು. ಮಡಗಾಂವ್‌ನಲ್ಲಿ ಕಂಪ್ಯೂಟರ್ ಮಾರಿದವನಿಗೆ ಫೋನ್ ಮಾಡಿದರೆ ಅವನೂ ಕೊಂಕಣಿ-ಹಿಂದಿ ಬೆರೆಸಿ ಅದನ್ನೇ ಹೇಳಿದ. ಲೋಕವೆಲ್ಲ ಒಂದೇ ಮಾತು ಹೇಳತೊಡಗಿದರೆ ನನಗೆ ಹಟ ಹೆಚ್ಚುತ್ತದೆ. ಬೇರೆ ಕಂಪನಿಯ ಡಿಸ್ಕ್ ತರಿಸಿದೆ, ನಿಂತಿತು. ಬರ್ನ್ ಮಾಡುವ ವೇಗ ಕಡಿಮೆ ಮಾಡಿದೆ, ನಿಂತಿತು. ಪ್ಲೇಯರಿನ ಲೆನ್ಸ್ ಒರೆಸಿದೆ. ಕಂಪ್ಯೂಟರಿನಲ್ಲಿ ಜಾಗ ಸಾಲದೇನೋ ಎಂದು ಹಳೆಯ ಮದುವೆಗಳನ್ನೆಲ್ಲ ಅಳಿಸಿದೆ. ಟೇಪಿಗೆ ಬೂಸರು ಹಿಡಿದಿದೆಯೇನೋ ಎಂದು ಮತ್ತೊಮ್ಮೆ ಮೊದಲಿನಿಂದ ಕಂಪ್ಯೂಟರಿಗೆ ಇಳಿಸಿಕೊಂಡೆ. ಕಂಪ್ಯೂಟರಿನಲ್ಲಿ ನೋಡಿದರೆ ಎಲ್ಲ ಸರಿ. ಟಿವಿಗೆ ಹಾಕಿದರೆ ಅದೇ ಬೊಗಸೆಯ ಹತ್ತಿರ ಸೊಂಟ ಮುರಿದುಕೊಂಡು ಬೀಳುತ್ತಿತ್ತು. ಹೊರಗೆ ಮಳೆ ಹಿಡಿದುಬಿಟ್ಟಿತ್ತು. ನಾನು ಆ ಸಾಫ್ಟ್‌ವೇರ್ ಮಾಡಿದವನ ವಂಶವನ್ನೆಲ್ಲ ನೆನೆಯುತ್ತಿದ್ದೆ.

ಅಷ್ಟರಲ್ಲಿ ರೊಟ್ಟಿ ಕೊಡುವ ರೀತಿ ಬದಲಾಯಿತು. ಮೊದಲು ಕೈಗೆ ಕೊಟ್ಟು, ನಾಲ್ಕು ಮಾತಾಡಿ ಹೋಗುತ್ತಿದ್ದವಳು ಈಗ ಗಂಟನ್ನು ಮೆಟ್ಟಿಲ ಮೇಲಿಟ್ಟು ಕೂಗಿ ಹೇಳಿ ಹೋಗುತ್ತಿದ್ದಳು. ಒಂದು ದಿನ ಹಿಡಿದು ನಿಲ್ಲಿಸಿದೆ. ಕೊರ್ತಾಲಿಮ್‌ನಲ್ಲಿ ಮಗಳಿಗೆ ಜ್ವರ, ಫೋನ್ ಬಂದಿತ್ತಂತೆ.

"ಮತ್ತ ಇಲ್ಲೇ ಯಾಕ್ ನಿಂತಿ? ಬಸ್ ಹತ್ತು, ಹೋಗಿ ನೋಡ್ಕೊಂಡು ಬಾ."

"ಬ್ಯಾಡ್ರಿ. ನನ್ನ ಕೈಯಿಂದ ಗಂಜಿ ಕುಡಿಸೂದು ಬ್ಯಾಡ ಈಗ. ಆಕಿ ಅತ್ತಿ ಅದಾಳ, ನೋಡ್ಕೊಳ್ತಾಳ."

ನನಗೆ ಅಳು ಬಂತು. ಅಳುವುದಕ್ಕಿಂತ ಬೈಯುವುದು ಸುಲಭ, ಬೈದೆ. ತಲೆ ತಗ್ಗಿಸಿ ಕೇಳಿಸಿಕೊಂಡು ಮಳೆಯಲ್ಲಿ ಹೊರಟುಹೋದಳು. ಜ್ವರ ಬಂದ ಮಗಳ ಮನೆ ಒಂದು ಬಸ್ಸಿನಷ್ಟೇ ದೂರ, ತಾಯಿ ಹೋಗಲೊಲ್ಲಳು, ಅದಕ್ಕೆ ಕಾರಣ ನಾನು ಮಾಡಿದ ಡಿಸ್ಕ್. ಅಂದಿನಿಂದ ಬೇರೆ ಗಿರಾಕಿಗಳ ಕೆಲಸವನ್ನೆಲ್ಲ ಬದಿಗಿಟ್ಟೆ.

ದಾರಿ ತೋರಿಸಿದ್ದು ಇನ್ನೊಂದು ತಕರಾರು. ಬೆಳಗಾವಿಯ ಬಟ್ಟೆ ವ್ಯಾಪಾರಿಯೊಬ್ಬರು ಮಗನ ಮದುವೆಯ ಡಿಸ್ಕ್ ಹಿಡಿದು ಬಂದರು. "ಮತ್ತೆಲ್ಲಾ ಛಂದ ಐತ್ರಿ, ಅಕ್ಷತಿ ಒಗಿಯೂ ಹೊತ್ತಿಗೆ ಜಿಗದಾಡ್ತೈತಿ" ಎಂದರು. ಹಾಕಿ ನೋಡಿದೆ. ತಾಳಿ ಕಟ್ಟಿದ ಗಳಿಗೆ, ಇಡೀ ಹಾಲಿನ ಜನ ಅಕ್ಷತೆ ಎರಚುತ್ತಿದ್ದಾರೆ, ಚಿತ್ರ ಚೌಕ ಚೌಕವಾಗಿ ಒಡೆದು, ನೆಗೆದು, ಮುಂದೆ ಹೋಯಿತು. ಇಂಥ ದೂರು ಹಿಂದೆಯೂ ಒಂದೆರಡು ಬಂದಿದ್ದವು, ಧೂಳು ಕೂತಿರಬೇಕೆಂದು ಒರೆಸಿ ಕಳಿಸಿದ್ದೆ. ಆ ದಿನ ಮಾತ್ರ ನಾನು ರಿಮೋಟ್ ಹಿಡಿದು ಕೂತಲ್ಲೇ ಕೂತೆ. ಅಕ್ಷತೆಯಲ್ಲೂ ಅಕ್ಕಿ. ತಾಟಿನಲ್ಲೂ ಅಕ್ಕಿ.

ಆಮೇಲೆ ಅರ್ಥವಾದದ್ದು ಇಷ್ಟು. ಚಿತ್ರದಲ್ಲಿ ಅಲ್ಲಾಡದ ಗೋಡೆ ಇದ್ದರೆ ಸಾಫ್ಟ್‌ವೇರ್ ಅದನ್ನು ಒಮ್ಮೆ ಬರೆದುಕೊಂಡು ಸುಮ್ಮನಾಗುತ್ತದೆ. ಅಕ್ಕಿ ಸುರಿಯುವಾಗ ಹಾಗಲ್ಲ, ಪ್ರತಿ ಕಾಳೂ ಕ್ಷಣಕ್ಕೊಂದು ಜಾಗದಲ್ಲಿ ಇರುತ್ತದೆ, ಎಲ್ಲವನ್ನೂ ಮತ್ತೆ ಮತ್ತೆ ಹೊಸದಾಗಿ ಬರೆಯಬೇಕು. ನಾನು ಬೇರೆ ಕತ್ತಲೆಯ ಚಿತ್ರಕ್ಕೆ ಬೆಳಕು ಹೆಚ್ಚಿಸಿ, ಇಲ್ಲದ ಚುಕ್ಕಿಗಳನ್ನೂ ಎಬ್ಬಿಸಿದ್ದೆ, ಮೇಲಿನ ಗುಣಮಟ್ಟ ಬೇರೆ ಕೊಟ್ಟಿದ್ದೆ. ಅಷ್ಟೊಂದನ್ನು ಒಂದೇ ಉಸಿರಿಗೆ ಓದಿ ತೋರಿಸುವುದು ಟಿವಿಯ ಕೆಳಗಿನ ಬಡಪಾಯಿ ಪ್ಲೇಯರಿಗೆ ಆಗುತ್ತಿರಲಿಲ್ಲ. ಸಣ್ಣ ಬಾಯಿಯ ಬಾಟಲಿಗೆ ಕೊಡದಿಂದ ನೀರು ಸುರಿದಂತೆ. ಅದು ಕೈಯ ತಪ್ಪಲ್ಲ, ಅಕ್ಕಿಯನ್ನು ಓದಲಾರದ ಪ್ಲೇಯರಿನ ಪಾಡು.

ಗುಣಮಟ್ಟ ಇಳಿಸಿ, ಬೆಳಕನ್ನು ಮೊದಲಿದ್ದಷ್ಟಕ್ಕೇ ಬಿಟ್ಟು ಬರ್ನ್ ಮಾಡಿದೆ. ಸರಾಗವಾಗಿ ಓಡಿತು. ಕುಣಿಯುವಷ್ಟು ಸಂತೋಷವಾಯಿತು. ಆದರೆ ಸಂತೋಷ ಹೆಚ್ಚು ಹೊತ್ತು ನಿಲ್ಲಲಿಲ್ಲ. ಇದನ್ನು ಅವಳಿಗೆ ತೋರಿಸಿದರೆ ಏನಂದಾಳು? ಬಾಯಾರು ಏನೋ ಪೂಜೆ ಮಾಡಿಸಿ ಸರಿ ಮಾಡಿದ್ದಾರೆ ಎಂದಾಳು. ಅವಳಿಗೆ ಓಡುವ ಡಿಸ್ಕ್ ತೋರಿಸಿದರೆ ಸಾಲದು, ಬೇರೆಯವರ ಕೈಗೂ ನಿಲ್ಲುವ ಡಿಸ್ಕನ್ನು ತೋರಿಸಬೇಕಿತ್ತು.

ಅಡುಗೆಮನೆಯ ಕಿಟಕಿ ಮುಚ್ಚಿ, ಹಿತ್ತಾಳೆಯ ತಾಟು ಇಟ್ಟು, ಗಂಡನ ಕೈಗೆ ಕ್ಯಾಮೆರಾ ಕೊಟ್ಟೆ. "ನಿನ್ನ ಉಡಿ ಯಾರ್ ತುಂಬಾಕತ್ತಾರ?" ಎಂದು ಅವರು ನಕ್ಕರು. ಸುಮ್ಮನೆ ತೆಗೆಯಿರಿ ಎಂದೆ. ಎರಡೂ ಕೈ ತುಂಬ ಹಸಿರು ಬಳೆ ತೊಟ್ಟುಕೊಂಡು, ಖಣ ಇಟ್ಟು, ಕಾಯಿ ಇಟ್ಟು, ಬೊಗಸೆ ಬೊಗಸೆ ಅಕ್ಕಿಯನ್ನು ಎತ್ತರದಿಂದ ಸುರಿದೆ. ಅದನ್ನು ಮೊದಲಿನಂತೆಯೇ ಬೆಳಕು ಹೆಚ್ಚಿಸಿ, ಮೊದಲಿನ ಗುಣಮಟ್ಟದಲ್ಲೇ ಬರ್ನ್ ಮಾಡಿ ಟಿವಿಗೆ ಹಾಕಿದೆ. ಜೀವನದಲ್ಲಿ ಮೊದಲ ಸಲ ಡಿಸ್ಕ್ ಕೆಡಲಪ್ಪಾ ಎಂದು ದೇವರಿಗೆ ಬೇಡಿಕೊಂಡೆ. ಕೆಟ್ಟಿತು. ನನ್ನ ಬಳೆಗಳೆಲ್ಲ ಚೌಕ ಚೌಕವಾಗಿ ತೆರೆಯ ಮೇಲೆ ನಿಂತುಬಿಟ್ಟವು.

ಮರುದಿನ ಮೆಟ್ಟಿಲ ಮೇಲೆ ಗಂಟು ಇಡಲು ಬಂದವಳ ರಟ್ಟೆ ಹಿಡಿದು ಒಳಗೆ ಕರೆತಂದು ಬೆಂಚಿಗೆ ಕೂಡಿಸಿದೆ. ಮೊದಲು ನನ್ನ ಡಿಸ್ಕ್ ಹಾಕಿದೆ.

"ಇದ್ಯಾರ ಕೈ ಹೇಳು?"

ಅವಳು ಟಿವಿ ನೋಡಿದಳು, ನನ್ನ ಬಳೆ ನೋಡಿದಳು. "ನಿಮ್ಮದು."

ಬೊಗಸೆ ಬಂತು, ಚಿತ್ರ ನಿಂತಿತು. "ನನಗ ಗಂಡ ಅದಾನ. ಹಣಿಗೆ ಕುಂಕುಮ ಐತಿ, ಕೈತುಂಬ ಬಳಿ ಅದಾವ. ಮತ್ತ ನನ್ನ ಕೈಗ್ಯಾಕ ನಿಂತಿತು ಯಕ್ಕಾ?" ಎಂದೆ. ಬೆಳಗಾವಿಯವರ ಅಕ್ಷತೆಯನ್ನೂ ಹಾಕಿ ತೋರಿಸಿದೆ. ಅಲ್ಲಿ ಎರಚುತ್ತಿದ್ದ ಮುತ್ತೈದೆಯರನ್ನೆಲ್ಲ ಬೆರಳು ಮಾಡಿ ತೋರಿಸಿದೆ. ಅಕ್ಕಿ ಕಾಳಿನ ಲೆಕ್ಕ ಹೇಳಿದೆ. ಅವಳು ದಿನಾ ಹಿಟ್ಟು ನಾದುವವಳು, ಒಂದೇ ಸಲಕ್ಕೆ ರಾಶಿ ಹಿಟ್ಟು ಸುರಿದರೆ ನೀರು ಹಿಡಿಯುವುದಿಲ್ಲವಲ್ಲ, ಹಾಗೆ ಎಂದಾಗ ತಲೆಯಾಡಿಸಿದಳು. ಆಮೇಲೆ ಅವಳ ಡಿಸ್ಕ್ ಹಾಕಿದೆ.

ಚಿತ್ರ ಮಬ್ಬಾಗಿತ್ತು, ಆದರೆ ನಿಲ್ಲಲಿಲ್ಲ. ಖಣ, ಕಾಯಿ, ಉತ್ತತ್ತಿ. ಬೊಗಸೆ ಅಕ್ಕಿ ಸುರಿಯಿತು, ಇನ್ನೊಂದು ಸುರಿಯಿತು, ಮತ್ತೊಂದು. ನಾದಿನಿಯ ದನಿ ಕೇಳಿತು. ತಾಟು ಕಣ್ಣಿಗೆ ಏರಿ ಇಳಿಯಿತು. ಮುಂದಿನ ದೃಶ್ಯದಲ್ಲಿ ಮಗಳು ಸೆರಗೊಡ್ಡಿ ಅದೇ ಅಕ್ಕಿಯನ್ನು ಉಡಿಗೆ ತುಂಬಿಸಿಕೊಂಡಳು.

"ಇನ್ನೊಮ್ಮೆ ಹಚ್ರಿ."

ಹಚ್ಚಿದೆ. ಮತ್ತೊಮ್ಮೆ ಎಂದಳು, ಮತ್ತೊಮ್ಮೆ ಹಚ್ಚಿದೆ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಇರ್ಲಿ ಬಿಡ್ರಿ, ತಗೀಬ್ಯಾಡ್ರಿ. ಮಗಳು ನೋಡ್ಲಿ. ನಮ್ಮ ನಾದಿನಿ ಏನರ ಅಂದ್ರ ಅನ್ಲಿ" ಎಂದಳು. ಎದ್ದು ಹೊರಡುತ್ತಾಳೆ, ಬಹುಶಃ ಕೊರ್ತಾಲಿಮ್ ಬಸ್ಸಿಗೇ ಹೋಗುತ್ತಾಳೆ ಎಂದುಕೊಂಡು ನಾನು ಡಿಸ್ಕನ್ನು ಕವರಿಗೆ ಹಾಕತೊಡಗಿದೆ. ಅವಳು ಏಳಲಿಲ್ಲ.

"ಬಾಯಾರ, ಒಂದು ಮಾತ ಕೇಳ್ಲ್ಯಾ?"

"ಕೇಳು ಯಕ್ಕಾ."

"ನಮ್ಮನಿಯವರು ಬಿದ್ದ ದಿನಾ ಮುಂಜಾನಿ ಬುತ್ತಿ ಕಟ್ಟಿಕೊಟ್ಟಾಕಿ ನಾನ. ಅವತ್ತ ಅವರು ಒಲ್ಲೆ ಅಂದಿದ್ರು, ನಾ ಬಲವಂತ ಮಾಡಿ ಕೈಯಾಗ ಇಟ್ಟೆ. ಆಮ್ಯಾಲ ಅವರಕ್ಕ ಮಂದಿ ಮುಂದ ಹೇಳಿದ್ರು, ಈಕಿ ಕೈಯಿನ ಬುತ್ತಿ ತಗೊಂಡು ಹ್ವಾದ, ತಿರುಗಿ ಬರಲಿಲ್ಲ ಅಂತ. ಇಷ್ಟು ವರ್ಷ ನಾನೂ ಹಂಗ ತಿಳಕೊಂಡೇನ್ರಿ." ಅವಳು ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡಿದ್ದಳು. "ಹಂಗಾರ, ಅದೂ ನನ್ನ ಕೈಯಿಂದ ಆಗಿದ್ದಲ್ಲೇನ್ರಿ?"

ಇಷ್ಟು ದಿನ ಡಿಸ್ಕಿನ ಹಿಂದೆ ಬಿದ್ದು, ನಾನು ಸರಿ ಮಾಡುತ್ತಿದ್ದುದು ಏನು ಎಂಬುದೇ ನನಗೆ ಗೊತ್ತಿರಲಿಲ್ಲ.

"ಅಲ್ಲ ಯಕ್ಕಾ" ಎಂದೆ.

"ಖರೇನ್ರಿ?"

"ಖರೇನ. ನಿನ್ನ ಕೈಯಿಂದ ಅಲ್ಲ."

ಅಂಗಡಿಗೆ ಯಾರೋ ಗಿರಾಕಿ ಬಂದರು, ಆಮೇಲೆ ಬರ್ರಿ ಎಂದು ಕಳಿಸಿದೆ. ಅವಳು ಮತ್ತೆ ಕೇಳಿದಳು, ನಾನು ಮತ್ತೆ ಹೇಳಿದೆ. ಅವಳು ಕೇಳುವುದನ್ನು ನಿಲ್ಲಿಸುವವರೆಗೂ ಹೇಳುತ್ತಲೇ ಇದ್ದೆ.